ಹುಲ್ಲುಹಾಸಿನ ಅಂಚಿಗೆ ಬಂದ ಹಳಿಯ ಮರ

ಹುಲ್ಲು ತನ್ನ ಎಲ್ಲೆಯನ್ನು ತಾನೇ ಹಾಕಿಕೊಳ್ಳುವುದಿಲ್ಲ. ಬಿಟ್ಟರೆ ಗರಿಕೆಯ ಕುಡಿ ಹೂವಿನ ಪಾತಿಗೆ ನುಗ್ಗುತ್ತದೆ. ಜೋರು ಮಳೆ ಬಂದರೆ ಪಾತಿಯ ಮಣ್ಣು ಹುಲ್ಲಿನ ಮೇಲೆ ಹರಿಯುತ್ತದೆ. ಎರಡನ್ನೂ ಅವುಗಳ ಜಾಗದಲ್ಲಿ ನಿಲ್ಲಿಸಲು ಕಲ್ಲು, ಇಟ್ಟಿಗೆ, ಮರ ಮೂರೂ ಬಳಕೆಯಾಗಿವೆ. ಇವುಗಳಲ್ಲಿ ಮರದ ಅಂಚಿನ ಚರಿತ್ರೆ ತೋಟದ ಬೇಲಿಯೊಳಗೆ ಮುಗಿಯುವಂಥದಲ್ಲ. ಅದನ್ನು ಹಿಂಬಾಲಿಸಿದರೆ ನಾವು ರೈಲು ಹಳಿಗಳನ್ನು ದಾಟಿ ನಮ್ಮದೇ ಕಾಡುಗಳನ್ನು ತಲುಪುತ್ತೇವೆ.

ಹದಿನಾರನೆಯ ಶತಮಾನದ ಇಂಗ್ಲೆಂಡಿನಲ್ಲಿ ಮರದ ಅಂಚು ರಾಜವೈಭವದ ಗುರುತಾಗಿತ್ತು. ಎಂಟನೆಯ ಹೆನ್ರಿಯ ಕುಟುಂಬವನ್ನು ತೋರಿಸುವ ಸುಮಾರು 1545ರ ವರ್ಣಚಿತ್ರವೊಂದರಲ್ಲಿ, ಕಮಾನುಗಳ ಆಚೆಗೆ ವೈಟ್‌ಹಾಲ್ ಅರಮನೆಯ ತೋಟ ಕಾಣುತ್ತದೆ. ಪಾತಿಗಳ ಬಳಿ ಹಸಿರು, ಬಿಳಿ ಬಳಿದ ಗಿಡ್ಡ ಮರದ ಕಟಾಂಜನವಿದೆ. ಅವು ಟ್ಯೂಡರ್ ವಂಶದ ಬಣ್ಣಗಳು. ಸಾಮಾನ್ಯ ಗೃಹಸ್ಥನಿಗೆ ನುಣುಪಾದ ಹುಲ್ಲುಹಾಸು ದಕ್ಕತೊಡಗಿದ್ದು ಬಹಳ ತಡವಾಗಿ. 1830ರಲ್ಲಿ ಎಡ್ವಿನ್ ಬಡಿಂಗ್ ಹುಲ್ಲು ಕತ್ತರಿಸುವ ಯಂತ್ರಕ್ಕೆ ಪೇಟೆಂಟ್ ಪಡೆದ. ಉಣ್ಣೆಬಟ್ಟೆಯ ಮೇಲಿನ ನವಿರನ್ನು ಸವರುವ ಗಿರಣಿಯ ಯಂತ್ರವೇ ಅವನಿಗೆ ಮಾದರಿ. ಯಂತ್ರದ ಗಾಲಿ ಉರುಳಲು ನೇರವಾದ, ಗಟ್ಟಿಯಾದ ಅಂಚು ಬೇಕಾಯಿತು.

ಅದೇ 1830ರಲ್ಲಿ ಲಿವರ್‌ಪೂಲ್ ಮತ್ತು ಮ್ಯಾಂಚೆಸ್ಟರ್ ನಡುವೆ ರೈಲು ಓಡತೊಡಗಿತು. ಹಳಿಗಳನ್ನು ಹಿಡಿದು ನಿಲ್ಲಿಸುವ ಮರದ ಅಡ್ಡದಿಮ್ಮಿಗಳು, ಅಂದರೆ ಸ್ಲೀಪರುಗಳು, ಮಣ್ಣಿನ ತೇವಕ್ಕೆ ಬೇಗ ಕೊಳೆಯುತ್ತಿದ್ದವು. 1838ರಲ್ಲಿ ಜಾನ್ ಬೆಥೆಲ್, ಕಲ್ಲಿದ್ದಲ ಡಾಂಬರಿನಿಂದ ಇಳಿಸಿದ ಕ್ರಿಯೋಸೋಟ್ ಎಣ್ಣೆಯನ್ನು ಒತ್ತಡದಿಂದ ಮರದೊಳಕ್ಕೆ ಹೊಗಿಸುವ ವಿಧಾನಕ್ಕೆ ಪೇಟೆಂಟ್ ಪಡೆದ.

ಭಾರತದಲ್ಲಿ 1853ರಲ್ಲಿ ಬೋರಿಬಂದರಿನಿಂದ ಠಾಣೆಗೆ ಮೊದಲ ಪ್ರಯಾಣಿಕರ ರೈಲು ಹೊರಟಿತು. ಆಮೇಲೆ ಹಬ್ಬಿದ ಮಾರ್ಗಗಳ ಒಂದೊಂದು ಮೈಲಿಗೆ 1,760ರಿಂದ 2,000 ಸ್ಲೀಪರುಗಳು ಬೇಕಿದ್ದವು. ಗಜಕ್ಕೊಂದು, ಕೆಲವೆಡೆ ಇನ್ನೂ ಒತ್ತಾಗಿ. ಹಳಿ ಉಳಿದರೂ ಮರ ಉಳಿಯುತ್ತಿರಲಿಲ್ಲವಾದ್ದರಿಂದ ಕಾಡಿನ ಮೇಲಿನ ಬೇಡಿಕೆ ತೀರುವಂಥದಾಗಿರಲಿಲ್ಲ.

ಈ ಬೇಡಿಕೆಯ ಕಾಲದಲ್ಲೇ, 1856ರಲ್ಲಿ, ಹ್ಯೂ ಕ್ಲೆಗಾರ್ನ್ ಮದ್ರಾಸ್ ಪ್ರಾಂತದ ಅರಣ್ಯ ಸಂರಕ್ಷಣಾಧಿಕಾರಿಯಾದ. ಮೊದಲು ಶಿವಮೊಗ್ಗದಲ್ಲಿ ವೈದ್ಯನಾಗಿದ್ದು ಅಲ್ಲಿಯ ಸಸ್ಯಗಳನ್ನು ಅಭ್ಯಾಸ ಮಾಡಿದ್ದವನು ಇವನು. ಬೆಂಗಳೂರಿನ ಲಾಲ್‌ಬಾಗ್ ಅದೇ ವರ್ಷ ಸರ್ಕಾರಿ ಸಸ್ಯೋದ್ಯಾನವಾದುದರ ಹಿಂದೆಯೂ ಅವನ ಸಲಹೆಯಿತ್ತು. 1861ರ ಅವನ ಗ್ರಂಥದ ಹೆಸರು ‘ದಿ ಫಾರೆಸ್ಟ್ಸ್ ಅಂಡ್ ಗಾರ್ಡನ್ಸ್ ಆಫ್ ಸೌತ್ ಇಂಡಿಯಾ’. ಕಾಡೂ ತೋಟವೂ ಒಂದೇ ರಟ್ಟಿನೊಳಗಿದ್ದವು. ಎರಡೂ ಒಂದೇ ಆಡಳಿತದ ಕಣ್ಣಿನ ಕೆಳಗಿದ್ದವು. 1862ರಲ್ಲಿ ಉತ್ತರ ಕನ್ನಡವು ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿದಾಗ, ದಾಂಡೇಲಿ ಸುತ್ತಲಿನ ತೇಗದ ಕಾಡುಗಳೂ ಆ ಪ್ರಾಂತದ ಪಾಲಾದವು. ಮುಂಬಯಿಯ ನಮ್ಮವರು ಕೆಲಸ ಹುಡುಕಿ ಬರುವುದಕ್ಕೆ ಎಷ್ಟೋ ಮೊದಲೇ ನಮ್ಮ ಮರಗಳು ಈ ಊರಿನ ಹಡಗುಕಟ್ಟೆಗೆ ಬಂದಿದ್ದವು.

ಮರವನ್ನು ಉಳಿಸುವ ಮಾತು ಆಗ ಜನರನ್ನು ಹೊರಗಿಡುವ ಮಾತೂ ಆಯಿತು. ಕ್ಲೆಗಾರ್ನ್ ಕುಮರಿ ಬೇಸಾಯವನ್ನು ವಿರೋಧಿಸಿದ. 1878ರ ಅರಣ್ಯ ಕಾಯಿದೆ ಮೀಸಲು ಅರಣ್ಯಗಳಿಗೆ ಗಡಿ ಗುರುತಿಸಿತು. ಕಾಡಿನಲ್ಲಿ ಸೌದೆ, ಸೊಪ್ಪು ತರುತ್ತಿದ್ದವನಿಗೆ ಆ ಗಡಿ ಅಪರಾಧದ ಗೆರೆಯಾಯಿತು. ಸರ್ಕಾರ ಕಡಿಸಿದ ಮರಕ್ಕೆ ಅದು ಅಡ್ಡಿಯಾಗಲಿಲ್ಲ.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕಾಂಕ್ರೀಟಿನ ಸ್ಲೀಪರುಗಳು ಬಂದವು. 1960ರ ದಶಕದಲ್ಲಿ ಬ್ರಿಟನ್ನಿನ ಅನೇಕ ಮಾರ್ಗಗಳು ಮುಚ್ಚಿದವು. ಹಳೆಯ ದಿಮ್ಮಿಗಳು ಅಗ್ಗವಾಗಿ ತೋಟಗಳಿಗೆ ಇಳಿದವು. ನಮ್ಮ ಬ್ರಾಡ್‌ಗೇಜಿನ ಸ್ಲೀಪರು ಒಂಬತ್ತು ಅಡಿ ಉದ್ದ, ಹತ್ತು ಅಂಗುಲ ಅಗಲ, ಐದು ಅಂಗುಲ ದಪ್ಪ. ಅಷ್ಟು ಭಾರದ ಮರ ಗೂಟವಿಲ್ಲದೆಯೂ ಅಲುಗದೆ ಕೂರುತ್ತದೆ. ಆದರೆ ಕ್ರಿಯೋಸೋಟ್ ಹೊಕ್ಕ ದಿಮ್ಮಿಯು ಬಿಸಿಲಿಗೆ ಎಣ್ಣೆ ಜಿನುಗುತ್ತದೆ. ಆ ಎಣ್ಣೆಯಲ್ಲಿ ಕ್ಯಾನ್ಸರ್‌ಕಾರಕ ಅಂಶಗಳಿರುವುದರಿಂದ ಐರೋಪ್ಯ ಒಕ್ಕೂಟವು 2003ರಿಂದ ಇಂಥ ಮರವನ್ನು ತೋಟಗಳಲ್ಲಿಯೂ ಆಟದ ಜಾಗಗಳಲ್ಲಿಯೂ ಬಳಸುವುದನ್ನು ನಿರ್ಬಂಧಿಸಿತು. ಮಕ್ಕಳು ಕೂರುವೆಡೆ, ಸೊಪ್ಪು ತರಕಾರಿ ಬೆಳೆಯುವೆಡೆ ಅದು ಸಲ್ಲದು.

ಹಾಗಾದರೆ ಗಟ್ಟಿಯಾದ ಅಂಚು ಹೇಗೆ? ಮರವನ್ನು ಕೊಳೆಸುವ ಬೂಷ್ಟಿಗೆ ತೇವವೂ ಬೇಕು, ಗಾಳಿಯೂ ಬೇಕು. ಎರಡೂ ಕೂಡುವುದು ನೆಲಮಟ್ಟದಲ್ಲಿ. ಅಂಚುಪಟ್ಟಿ ಮೊದಲು ಸೋಲುವುದೂ ಅಲ್ಲಿಯೇ. ಆದ್ದರಿಂದ ವಿಷದ ಎಣ್ಣೆಗಿಂತ ಚೇಗಿನ ಹಲಗೆಯೂ ನೀರು ಬಸಿಯುವ ತಳವೂ ಮುಖ್ಯ. ಕಾಲುವೆ ತೋಡಿ ಜಲ್ಲಿ ಹಾಸಿ, ಅದರ ಮೇಲೆ ಹಲಗೆ ನಿಲ್ಲಿಸಿ, ಪಾತಿಯ ಕಡೆಗೆ ಮೂರು ನಾಲ್ಕು ಅಡಿಗೊಂದು ಗೂಟ ಆಳವಾಗಿ ಹೊಡೆದು, ತುಕ್ಕು ಹಿಡಿಯದ ತಿರುಪಿನಿಂದ ಬಿಗಿದರೆ ಸಾಕು. ಹಲಗೆಯ ಮೇಲ್ತುದಿ ಹುಲ್ಲಿನ ನೆಲದ ಮಟ್ಟಕ್ಕಿದ್ದರೆ ಯಂತ್ರದ ಗಾಲಿ ಅದರ ಮೇಲೆಯೇ ಉರುಳುತ್ತದೆ. ಕೆಟ್ಟ ಹಲಗೆಯೊಂದನ್ನೇ ಬಿಚ್ಚಿ ಬದಲಿಸಬಹುದು.

ನಮ್ಮ ವಸತಿ ಸಂಕೀರ್ಣಗಳ ತೋಟಗಳಿಗೆ ಮರ ತರಿಸುವಾಗ ನಾವು ಬೆಲೆ ಕೇಳುತ್ತೇವೆ, ಬಾಳಿಕೆ ಕೇಳುತ್ತೇವೆ. ಅದು ಯಾವ ಕಾಡಿನದು, ಅದಕ್ಕೆ ಏನು ಕುಡಿಸಿದ್ದಾರೆ ಎಂಬ ಎರಡು ಪ್ರಶ್ನೆಗಳನ್ನೂ ಕೇಳುವುದು ಉಚಿತ. ಈ ಚರಿತ್ರೆಯನ್ನು ಬಲ್ಲ ಕನ್ನಡಿಗರಿಗಂತೂ ಅವು ದೂರದ ಪ್ರಶ್ನೆಗಳಲ್ಲ.