ಕುದುರೆ ಕೆನೆದದ್ದು ಯಾರಿಗಾಗಿ?

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿದವನು ನಾನು. ಕರಿಹಲಗೆಯ ಮೇಲೆ ಎಷ್ಟು ಕುದುರೆಗಳನ್ನು ಓಡಿಸಿದೆನೋ ಲೆಕ್ಕವಿಲ್ಲ. ‘ಇಷ್ಟು ಸಾವಿರ ಕಾಲಾಳು, ಇಷ್ಟು ಸಾವಿರ ಕುದುರೆ, ಇಷ್ಟು ನೂರು ಆನೆ’ ಎಂದು ನೋಟ್ಸ್ ಬರೆಸುವಾಗ ಕುದುರೆ ನನಗೊಂದು ಅಂಕಿ, ಅಷ್ಟೆ. ಅದರ ಬೆನ್ನ ಮೇಲೆ ಮೊದಲ ಸಲ ಕೂತದ್ದು ನಿವೃತ್ತನಾದ ಮೇಲೆ, ಅದೂ ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡ ಬೆಟ್ಟಗಳ ತಪ್ಪಲಿನಲ್ಲಿ. ಮಗನ ಮನೆಗೆ ಹೋಗಿದ್ದಾಗ, ಒಂದು ಭಾನುವಾರ ಅವನು ನಮ್ಮನ್ನೆಲ್ಲ ಕುದುರೆ ಸವಾರಿಗೆ ಕರೆದುಕೊಂಡು ಹೋದ. ಎರಡು ಗಂಟೆಯ ಕಾಡುದಾರಿ. ಮುಂದೆ ದಾರಿ ತೋರಿಸುವ ಹೆಂಗಸು, ಅವಳ ಹಿಂದೆ ಮಗ, ಸೊಸೆ, ಒಂಬತ್ತು ವರ್ಷದ ಮೊಮ್ಮಗಳು, ನಾನು. ಕೊನೆಯಲ್ಲಿ ಲಾಯದ ಒಬ್ಬ ಹುಡುಗ.

ಮೊದಲ ಅರ್ಧ ಗಂಟೆ ನಾನೇ ಕುದುರೆ ನಡೆಸುತ್ತಿದ್ದೇನೆ ಎಂಬ ಭ್ರಮೆಯಲ್ಲಿದ್ದೆ. ನಿಜವಾಗಿ ಅದು ಮೊಮ್ಮಗಳ ಕುದುರೆಯ ಬಾಲಕ್ಕೆ ಮೂತಿ ತಾಗಿಸಿಕೊಂಡು ತನ್ನ ಪಾಡಿಗೆ ಹೋಗುತ್ತಿತ್ತು. ಒಂದು ತೊರೆಯ ಹತ್ತಿರ ಮೊಮ್ಮಗಳಿಗೆ ಹೆದರಿಕೆಯಾಗಿ ಅಳು ಬಂತು. ಲಾಯದ ಹುಡುಗ ಅವಳನ್ನೂ ಸೊಸೆಯನ್ನೂ ವಾಪಸು ಕರೆದುಕೊಂಡು ಹೊರಟ. ನಾವು ಮೂವರು ಮುಂದೆ ಹೋಗುವುದೆಂದಾಯಿತು.

ನನ್ನ ಕುದುರೆ ನಿಂತುಬಿಟ್ಟಿತು. ಕತ್ತೆತ್ತಿತು, ಕಿವಿಗಳನ್ನು ಹಿಂದೆ ಹೋಗುತ್ತಿದ್ದವರ ಕಡೆ ತಿರುಗಿಸಿತು, ಮೈಯೆಲ್ಲ ನಡುಗುವ ಹಾಗೆ ಕೆನೆಯಿತು. ತೊರೆಗೆ ಇಳಿಸಲು ನೋಡಿದರೆ ಅಡ್ಡಡ್ಡ ಸರಿಯಿತು. ದೂರದಿಂದ ಮೊಮ್ಮಗಳ ಕುದುರೆಯೂ ಕೆನೆದು ಉತ್ತರ ಕೊಟ್ಟಿತು. ಮಗನ ಎದುರಿಗೆ ನನಗೆ ಅವಮಾನವಾದಂತಾಗಿ, ಲಗಾಮಿನ ತುದಿಯಿಂದ ಅದರ ಕತ್ತಿಗೆ ಎರಡು ಏಟು ಹಾಕಿದೆ. ‘ಅಪ್ಪ, ಹೊಡೀಬೇಡಿ’ ಎಂದು ಮಗ ಕೂಗಿದ. ಹೆಂಗಸು ಹಿಂದಿರುಗಿ ಬಂದು ಲಗಾಮು ಹಿಡಿದುಕೊಂಡಳು. ಆ ಎರಡು ಕುದುರೆಗಳು ಹನ್ನೊಂದು ವರ್ಷದಿಂದ ಒಂದೇ ಬೇಲಿಯೊಳಗೆ ಮೇಯುತ್ತಿವೆ ಎಂದಷ್ಟೇ ಹೇಳಿದಳು. ನಾವೂ ವಾಪಸು ಹೊರಟೆವು. ಲಗಾಮು ಮುಟ್ಟದಿದ್ದರೂ ಕುದುರೆ ದಾಪುಗಾಲು ಹಾಕಿತು.

ಇಂಥ ಕುದುರೆಯನ್ನು ಅಲ್ಲಿಯವರು ‘ಹರ್ಡ್ ಬೌಂಡ್’ ಎನ್ನುತ್ತಾರಂತೆ. ಹಿಂಡಿಗೆ ಕಟ್ಟುಬಿದ್ದದ್ದು ಎಂದರ್ಥ. ಸವಾರರ ಬಾಯಲ್ಲಿ ಅದೊಂದು ದೂರು. ಆದರೆ ಹುಲ್ಲುಗಾವಲಿನಲ್ಲಿ ಬೇಟೆಗೆ ಈಡಾಗುತ್ತಲೇ ಬಾಳಿದ ಪ್ರಾಣಿಗೆ ಹಿಂಡೇ ಕೋಟೆ. ಒಂದು ಮಲಗಿದಾಗ ಇನ್ನೊಂದು ನಿಂತು ಕಾಯುತ್ತದೆ. ಒಂಟಿಯಾಗುವುದು ಅದಕ್ಕೆ ಸಾವಿನ ಬಾಯಿಗೆ ಹೋದಂತೆ. ಗ್ರೀಸಿನ ಕ್ಸೆನೊಫೋನ್ ಸುಮಾರು 2,300 ವರ್ಷಗಳ ಹಿಂದೆಯೇ ಕುದುರೆ ಸವಾರಿಯ ಬಗ್ಗೆ ಒಂದು ಪುಸ್ತಕ ಬರೆದ. ಸಿಟ್ಟಿನಲ್ಲಿ ಕುದುರೆಯ ಹತ್ತಿರ ಹೋಗಲೇಬೇಡ, ಹೆದರಿದ ಕುದುರೆಗೆ ಹೊಡೆದರೆ ಅದರ ಹೆದರಿಕೆ ಇನ್ನೂ ಹೆಚ್ಚುತ್ತದೆ ಎಂದು ಅದರಲ್ಲಿ ಎಚ್ಚರಿಸಿದ್ದಾನೆ. ಅವನ ಹೆಸರನ್ನು ಎಷ್ಟೋ ಸಲ ಬೋರ್ಡಿನ ಮೇಲೆ ಬರೆದಿದ್ದ ನನಗೆ ಆ ಮಾತು ತೊರೆಯ ದಡದಲ್ಲಿ ನೆನಪಾಗಲಿಲ್ಲ.

ಆ ರಾತ್ರಿ ನಿದ್ದೆ ಬರಲಿಲ್ಲ. ಆ ಕೆನೆತ ಕಿವಿಯಲ್ಲೇ ಇತ್ತು. ನಾನು ಪಾಠ ಮಾಡಿದ ಇತಿಹಾಸದಲ್ಲಿ ಕುದುರೆ ಕೆನೆದ ಪ್ರಸಂಗಗಳು ಒಂದೊಂದಾಗಿ ಎದ್ದು ಬಂದವು.

ಮೊದಲು ನೆನಪಾದದ್ದು ಪರ್ಶಿಯಾದ ದಾರಿಯಸ್. ಕ್ರಿ.ಪೂ. 522ರಲ್ಲಿ ಅವನು ಪಟ್ಟಕ್ಕೆ ಬಂದ ಕಥೆಯನ್ನು ಹೆರೊಡೋಟಸ್ ಹೇಳುತ್ತಾನೆ. ರಾಜ್ಯವನ್ನು ಕಿತ್ತುಕೊಂಡ ಗುಂಪಿನ ಆರು ಮಂದಿ ಒಂದು ಒಪ್ಪಂದಕ್ಕೆ ಬಂದರಂತೆ: ಬೆಳಗಾಗುವ ಹೊತ್ತಿಗೆ ಊರ ಹೊರಗೆ ಸವಾರಿ ಹೋಗೋಣ, ಸೂರ್ಯ ಮೂಡಿದ ಮೇಲೆ ಯಾರ ಕುದುರೆ ಮೊದಲು ಕೆನೆಯುತ್ತದೋ ಅವನೇ ರಾಜ. ದಾರಿಯಸನ ಲಾಯದಾಳು ಓಯಿಬಾರಿಸ್ ಜಾಣ. ಯಜಮಾನನ ಕುದುರೆಗೆ ತುಂಬ ಪ್ರಿಯವಾದ ಹೆಣ್ಣು ಕುದುರೆಯನ್ನು ಹಿಂದಿನ ರಾತ್ರಿಯೇ ಆ ದಾರಿಯಲ್ಲಿ ಕಟ್ಟಿ, ಗಂಡು ಕುದುರೆಯನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಸುತ್ತಾಡಿಸಿ ಬಂದ. ಬೆಳಿಗ್ಗೆ ಅದೇ ಜಾಗಕ್ಕೆ ಬಂದೊಡನೆ ಕುದುರೆ ಮುನ್ನುಗ್ಗಿ ಕೆನೆಯಿತು. ಮಿಕ್ಕವರು ಇಳಿದು ದಾರಿಯಸನಿಗೆ ಅಡ್ಡಬಿದ್ದರು. ದಾರಿಯಸ್ ತಾನೇ ಕೊರೆಸಿದ ಬೆಹಿಸ್ತೂನ್ ಶಾಸನದಲ್ಲಿ ಈ ಕುದುರೆಯ ಸುದ್ದಿಯಿಲ್ಲ. ದೇವರು ಅಹುರಮಜ್ದ ರಾಜ್ಯ ಕೊಟ್ಟ ಎಂದಿದೆ. ಕಥೆ ಕಟ್ಟುಕಥೆಯೇ ಇರಬಹುದು. ಆದರೆ ಅದನ್ನು ಕಟ್ಟಿದವರಿಗೆ ಕುದುರೆ ಗೊತ್ತಿತ್ತು. ಕುದುರೆ ಕರೆದದ್ದು ನಿನ್ನೆ ಅಲ್ಲಿದ್ದ ಜೊತೆಗಾತಿಯನ್ನು. ಮನುಷ್ಯರು ಅದನ್ನು ದೈವದ ಅಪ್ಪಣೆ ಎಂದುಕೊಂಡರು.

ಎರಡನೆಯದು ಇನ್ನೂ ಕಹಿಯಾದ ಪ್ರಸಂಗ. 1519ರಲ್ಲಿ ಎರ್ನಾನ್ ಕೊರ್ತೆಸ್ 16 ಕುದುರೆಗಳೊಂದಿಗೆ ಮೆಕ್ಸಿಕೋದ ತೀರಕ್ಕೆ ಬಂದ. ಅವನ ಸೈನಿಕ ಬೆರ್ನಾಲ್ ದಿಯಾಸ್ ಮುಪ್ಪಿನಲ್ಲಿ ಬರೆದ ಚರಿತ್ರೆಯಲ್ಲಿ ಆ ಕುದುರೆಗಳ ಬಣ್ಣ, ಗುಣ, ಒಡೆಯನ ಹೆಸರನ್ನೆಲ್ಲ ಪಟ್ಟಿ ಮಾಡಿದ್ದಾನೆ. ಅವುಗಳಲ್ಲಿ ಒಂದು ಹೆಣ್ಣು ಕುದುರೆ ಹಡಗಿನಲ್ಲೇ ಮರಿ ಹಾಕಿತ್ತು. ತಬಾಸ್ಕೊದ ಕಾಳಗದಲ್ಲಿ ಸೋತ ಜನ ಮೊದಲ ಸಲ ಕುದುರೆಗಳನ್ನು ಕಂಡಿದ್ದರು. ಅವರ ಮುಖಂಡರು ಸಂಧಿಗೆ ಬರುವ ಮುಂಚೆ ಕೊರ್ತೆಸ್ ಒಂದು ಆಟ ಹೂಡಿದ. ಮರಿ ಹಾಕಿದ ಆ ಹೆಣ್ಣು ಕುದುರೆಯನ್ನು ತಾನು ಕೂರುವ ಜಾಗದ ಹತ್ತಿರ ಕಟ್ಟಿಸಿ, ಒಂದು ಗಂಡು ಕುದುರೆಗೆ ಅದರ ವಾಸನೆ ಹಿಡಿಸಿ, ಎರಡನ್ನೂ ಬೇರೆ ಕಡೆಗೆ ಸಾಗಿಸಿದ. ಮುಖಂಡರು ಬಂದು ಕೂತ ಮೇಲೆ ಗಂಡು ಕುದುರೆಯನ್ನು ತರಿಸಿ ಅಲ್ಲೇ ಕಟ್ಟಿಸಿದ. ವಾಸನೆ ಸಿಕ್ಕಿದ್ದೇ ತಡ, ಅದು ನೆಲ ಕೆರೆಯಿತು, ಕೆನೆಯಿತು. ತಮ್ಮ ಮೇಲೇ ಗರ್ಜಿಸುತ್ತಿದೆ ಎಂದು ಮುಖಂಡರು ನಡುಗಿದರು. ಕೊರ್ತೆಸ್ ಎದ್ದು ಹೋಗಿ, ಕುದುರೆಯನ್ನು ಆಚೆ ಒಯ್ಯಿಸಿ ಬಂದು, ‘ಸಿಟ್ಟು ಮಾಡಬೇಡ ಎಂದು ಅದಕ್ಕೆ ಹೇಳಿದ್ದೇನೆ’ ಎಂಬ ಅರ್ಥದ ಮಾತಾಡಿದ.

ಅದರ ಬೆನ್ನಲ್ಲೇ ಆ ಜನ ಚಿನ್ನದ ಜೊತೆಗೆ ಇಪ್ಪತ್ತು ಹೆಂಗಸರನ್ನು ಕಾಣಿಕೆಯಾಗಿ ಒಪ್ಪಿಸಿದರು. ಅವರಲ್ಲೊಬ್ಬಳು ಮಾಲಿನ್ತ್ಸಿನ್. ಮುಂದೆ ಕೊರ್ತೆಸನ ದುಭಾಷಿಯಾಗಿ ಚರಿತ್ರೆಗೆ ಬಂದವಳು, ಇಂದಿಗೂ ಅನೇಕರ ಬಾಯಲ್ಲಿ ದ್ರೋಹಿ ಎನಿಸಿಕೊಳ್ಳುವವಳು. ತನ್ನವರಿಂದ ಎಳೆತನದಲ್ಲೇ ಬೇರೆಯಾಗಿ ಕೈಯಿಂದ ಕೈಗೆ ದಾಟಿದ ಹೆಣ್ಣು ಆಕೆ. ಕುದುರೆಯ ಕೆನೆತವನ್ನು ಬರೆದಿಟ್ಟ ಚರಿತ್ರೆಯಲ್ಲಿ, ಅವಳು ಯಾರನ್ನು ನೆನೆದಳು ಎಂಬುದಕ್ಕೆ ಅವಳದೇ ಒಂದು ಅಕ್ಷರವೂ ಇಲ್ಲ.

ಹೊರಗಿನವರ ಮಾತೇಕೆ, ನಮ್ಮಲ್ಲೂ ಅದೇ. ವಿಜಯನಗರದ ಕುದುರೆ ವ್ಯಾಪಾರದ ಪಾಠವನ್ನು ನಾನು ಉತ್ಸಾಹದಿಂದ ಮಾಡುತ್ತಿದ್ದೆ. ಹೊರ್ಮುಜ್‌ನಿಂದ, ಏಡನ್‌ನಿಂದ ಕುದುರೆಗಳು ಹಡಗಿನಲ್ಲಿ ಬರುತ್ತಿದ್ದವು. ಪೋರ್ಚುಗೀಸ್ ವ್ಯಾಪಾರಿ ಫೆರ್ನಾವ್ ನುನಿಜ್ ಸಾಳುವ ನರಸಿಂಹನ ಬಗ್ಗೆ ಬರೆಯುತ್ತಾ, ಆ ರಾಜ ಸತ್ತ ಕುದುರೆಗೂ ಬದುಕಿದ ಕುದುರೆಗೂ ಒಂದೇ ಬೆಲೆ ಕೊಡುತ್ತಿದ್ದ, ಸಮುದ್ರದಲ್ಲಿ ಸತ್ತವುಗಳ ಬಾಲವನ್ನಷ್ಟೇ ತಂದು ತೋರಿಸಿದರೆ ಸಾಕಿತ್ತು ಎನ್ನುತ್ತಾನೆ. ‘ನೋಡಿ ಮಕ್ಕಳೇ, ಎಂಥ ರಾಜನೀತಿ’ ಎಂದು ಹೇಳುತ್ತಿದ್ದೆ. ವ್ಯಾಪಾರಿ ನಷ್ಟಕ್ಕೆ ಹೆದರದೆ ಮತ್ತೆ ಬರಲಿ ಎಂಬ ಲೆಕ್ಕಾಚಾರ ಅದು, ನಿಜ. ಆದರೆ ಮರುಭೂಮಿಯಲ್ಲಿ ಒಡನಾಡಿಗಳನ್ನು ಬಿಟ್ಟು, ತೂಗುವ ಹಡಗಿನ ಕತ್ತಲಲ್ಲಿ ಬಂದು, ಕೊನೆಗೆ ಬರೀ ಬಾಲವಾಗಿ ಲೆಕ್ಕಕ್ಕೆ ಸಿಕ್ಕ ಪ್ರಾಣಿಯ ಬಗ್ಗೆ ಯಾವ ಮಗುವೂ ಕೇಳಲಿಲ್ಲ. ಕೇಳುವಂತೆ ನಾನು ಪಾಠ ಮಾಡಲಿಲ್ಲ.

ಮೂರನೆಯದು ಬಾಲಾಕ್ಲಾವಾ. ಟೆನಿಸನ್ನನ ಪದ್ಯದಿಂದಾಗಿ ನಮ್ಮ ವಿದ್ಯಾರ್ಥಿಗಳಿಗೂ ಪರಿಚಿತವಾದ ಕ್ರಿಮಿಯಾ ಯುದ್ಧದ ಘಟನೆ. 1854ರ ಅಕ್ಟೋಬರ್ 25ರಂದು ಸುಮಾರು 670 ಬ್ರಿಟಿಷ್ ಸವಾರರು ರಷ್ಯದ ಫಿರಂಗಿಗಳ ಬಾಯಿಗೆ ನುಗ್ಗಿದರು. ಗುಂಡೇಟಿಗೆ ಸವಾರರು ಬಿದ್ದರೂ ಅವರ ಕುದುರೆಗಳು ಓಡಿಹೋಗಲಿಲ್ಲ. ಸಾಲಿನಲ್ಲೇ ಮುಂದೆ ಓಡಿದವು. ಲಾರ್ಡ್ ಜಾರ್ಜ್ ಪ್ಯಾಜೆಟ್ ಎಂಬ ಅಧಿಕಾರಿಯ ಎರಡೂ ಮಗ್ಗುಲಿಗೆ ಇಂಥ ಕುದುರೆಗಳು ಬಂದು ಒತ್ತಿಕೊಂಡು, ಗಾಯಗೊಂಡವುಗಳ ರಕ್ತ ಅವನ ಬಟ್ಟೆಗೆಲ್ಲ ಮೆತ್ತಿಕೊಂಡಿತ್ತು. ನೋಡುವವರಿಗೆ ಅದು ಶೌರ್ಯ, ಶಿಸ್ತು. ಕುದುರೆಗೆ ಶತ್ರು ಯಾರು, ರಾಣಿ ಯಾರು? ಬೆನ್ನ ಮೇಲಿನವನು ಇಲ್ಲವಾದಾಗ ಅದಕ್ಕೆ ಉಳಿದದ್ದು ಪಕ್ಕದ ಕುದುರೆಯ ಮೈ. ಆ ಮೈ ಫಿರಂಗಿಯ ಕಡೆ ಓಡುತ್ತಿತ್ತು, ಇದೂ ಓಡಿತು.

ಕುದುರೆಯ ಈ ಸ್ವಭಾವವನ್ನು ಹೊಡೆಯದೆ, ಮೋಸಕ್ಕೂ ಬಳಸದೆ, ಅದರ ಜೊತೆಗೇ ನಡೆದವರೂ ಇದ್ದರು. ಅವರು ಸ್ಪ್ಯಾನಿಷ್ ಅಮೆರಿಕದ ಹೇರಾಳುಗಳು. ಹೇಸರಗತ್ತೆಗಳ ಮೇಲೆ ಸಾಮಾನು ಹೇರಿಕೊಂಡು ಬೆಟ್ಟ ದಾಟುತ್ತಿದ್ದ ಬಡವರು. ಅವರ ಪ್ರತಿ ತಂಡದಲ್ಲೂ ಕೊರಳಿಗೆ ಗಂಟೆ ಕಟ್ಟಿದ ಒಂದು ಹೆಣ್ಣು ಕುದುರೆ ಇರುತ್ತಿತ್ತು. ಅದಕ್ಕೆ ‘ಮದ್ರಿನಾ’ ಎಂದು ಹೆಸರು; ಕ್ರೈಸ್ತರಲ್ಲಿ ಮಗುವಿನ ದೀಕ್ಷಾಸ್ನಾನದ ಹೊತ್ತಿಗೆ ಎರಡನೆಯ ತಾಯಿಯಾಗಿ ನಿಲ್ಲುವವಳಿಗೂ ಇದೇ ಹೆಸರು. 1835ರ ಮಾರ್ಚಿಯಲ್ಲಿ ಚಾರ್ಲ್ಸ್ ಡಾರ್ವಿನ್ ಚಿಲಿಯ ಸ್ಯಾಂಟಿಯಾಗೊದಿಂದ ಆಂಡೀಸ್ ದಾಟಲು ಹೊರಟಾಗ ಅವನ ಜೊತೆ ಹತ್ತು ಹೇಸರಗತ್ತೆಗಳೂ ಒಂದು ಮದ್ರಿನಾವೂ ಇದ್ದವು. ಅವನು ಕಂಡದ್ದನ್ನು ಬರೆದಿದ್ದಾನೆ: ಬೇರೆ ಬೇರೆ ತಂಡಗಳ ಇನ್ನೂರು ಮುನ್ನೂರು ಹೇಸರಗತ್ತೆಗಳು ರಾತ್ರಿ ಒಂದೇ ಬಯಲಿನಲ್ಲಿ ಮೇದರೂ, ಬೆಳಿಗ್ಗೆ ಮದ್ರಿನಾಗಳನ್ನು ಸ್ವಲ್ಪ ದೂರಕ್ಕೆ ಒಯ್ದು ಗಂಟೆ ಅಲ್ಲಾಡಿಸಿದರೆ ಸಾಕು, ಪ್ರತಿಯೊಂದೂ ತನ್ನ ಗಂಟೆಯ ದನಿ ಗುರುತಿಸಿ ಬಂದು ಸೇರುತ್ತದೆ. ಬಲವಂತವಾಗಿ ಹಿಡಿದಿಟ್ಟ ಹಳೆಯ ಹೇಸರಗತ್ತೆಯನ್ನು ಗಂಟೆಗಟ್ಟಲೆ ಕಳೆದು ಬಿಟ್ಟರೂ ಅದು ವಾಸನೆ ಹಿಡಿದು ತನ್ನವರನ್ನು ಕೂಡಿಕೊಳ್ಳುತ್ತದೆ.

ಹೇಸರಗತ್ತೆಯ ತಂದೆ ಕತ್ತೆ, ತಾಯಿ ಕುದುರೆ. ಆದ್ದರಿಂದಲೇ ಅದು ಹೆಣ್ಣು ಕುದುರೆಯನ್ನು ಬಿಡುವುದಿಲ್ಲ ಎಂಬುದು ಹೇರಾಳುಗಳ ನಂಬಿಕೆ. 1848ರಲ್ಲಿ ಇದೇ ಸಿಯೆರಾ ತಪ್ಪಲಿನಲ್ಲಿ ಚಿನ್ನ ಸಿಕ್ಕಿ ಜನ ಮುಗಿಬಿದ್ದಾಗ, ಗಾಡಿ ಹೋಗದ ಕಣಿವೆಗಳಿಗೆ ಹಿಟ್ಟು, ಹಾರೆ, ಗುದ್ದಲಿ ತಲುಪಿಸಿದ್ದು ಮೆಕ್ಸಿಕೋದ ಹೇರಾಳುಗಳ ಇಂಥ ಗಂಟೆಯ ತಂಡಗಳೇ. ನಾನು ಕುದುರೆಗೆ ಹೊಡೆದದ್ದು ಅಂಥ ನಾಡಿನಲ್ಲಿ.

ನಮ್ಮ ತಾತನಿಗೂ ಇದು ಗೊತ್ತಿತ್ತು. ಜೋಡಿ ಎತ್ತಿನಲ್ಲಿ ಒಂದು ಸತ್ತಾಗ, ಉಳಿದದ್ದು ನೊಗಕ್ಕೆ ಕೊರಳು ಕೊಡಲಿಲ್ಲ. ತಾತ ಬಾರುಕೋಲು ಮುಟ್ಟಲಿಲ್ಲ. ಹೊಸ ಎತ್ತು ತಂದು ಅದರ ಪಕ್ಕ ಕಟ್ಟಿ, ಒಂದೇ ಗೋದಲಿಯಲ್ಲಿ ಹುಲ್ಲು ಹಾಕಿ, ಹದಿನೈದು ದಿನ ಸುಮ್ಮನಿದ್ದರು. ಬಿತ್ತನೆಗೆ ತಡವಾಯಿತೆಂದು ಊರವರು ಆಡಿಕೊಂಡರು. ಆಮೇಲೆ ಎರಡೂ ಹೂಡಿದವು.

ಊರಿಗೆ ಹೊರಡುವ ವಾರ ಮತ್ತೆ ಆ ಲಾಯಕ್ಕೆ ಹೋದೆವು. ಮೊಮ್ಮಗಳು ಈ ಸಲ ಅಳಲಿಲ್ಲ. ನನ್ನ ಕುದುರೆ ಅವಳ ಕುದುರೆಯ ಹಿಂದೆ ತೊರೆಗೆ ಇಳಿದು, ನೀರು ಕುಡಿದು, ಆಚೆ ದಡ ಹತ್ತಿತು. ನಾನು ಹೊಡೆದ ಜಾಗದ ಮೇಲೆ ಕೈಯಾಡಿಸಿದೆ. ಅದರ ಗಮನವೆಲ್ಲ ಮುಂದಿನ ಬಾಲದ ಕಡೆಗಿತ್ತು.

ಸಂಜೆ ಮಗ ಹಳೆಯ ಮಾತನ್ನೇ ತೆಗೆದ. ‘ಅಲ್ಲಿ ಒಬ್ಬರೇ ಏನು ಮಾಡ್ತೀರಿ ಅಪ್ಪ? ಇಲ್ಲೇ ಇದ್ದುಬಿಡಿ. ಯಾಕಿಷ್ಟು ಹಟ?’ ಊರಿನಲ್ಲಿ ನನಗೆ ಯಾರಿದ್ದಾರೆ ಎಂದು ಹೇಳಲು ಹೊರಟು, ಹೆಸರುಗಳನ್ನು ಮನಸ್ಸಿನಲ್ಲೇ ಎಣಿಸಿದೆ. ಬೆಳಿಗ್ಗೆ ಕೆರೆ ಏರಿಯ ಮೇಲೆ ಜೊತೆಗೆ ನಡೆಯುವ ಮೂವರು, ಪಕ್ಕದ ಮನೆಯ ಮುದುಕಿ, ಹಳೆಯ ವಿದ್ಯಾರ್ಥಿಗಳು. ‘ಹಟ ಅಲ್ಲವೋ’ ಎಂದೆ. ಅವನು ನನ್ನನ್ನೇ ಸ್ವಲ್ಪ ಹೊತ್ತು ನೋಡಿದ. ಮತ್ತೆ ಒತ್ತಾಯ ಮಾಡಲಿಲ್ಲ.