ಕಾಗದದ ಮುಖ, ಪರದೆಯ ಮುಖ

ಹಳೆಯ ದಾನಶಾಸನದ ಕಲ್ಲುಗಳ ಮುಂದೆ ನಿಂತವರಿಗೆ ಗೊತ್ತು. ಬಹಳಷ್ಟು ಕಲ್ಲುಗಳಲ್ಲಿ ಬರಹಕ್ಕಿಂತ ಮೇಲೆ ಸೂರ್ಯ, ಚಂದ್ರ, ಲಿಂಗ, ಕರುವಿಗೆ ಹಾಲೂಡುವ ಹಸು ಇರುತ್ತವೆ. ಅಕ್ಷರ ಬಲ್ಲವರು ವಿರಳವಾಗಿದ್ದ ಕಾಲದಲ್ಲಿ ಉಳಿದವರ ಪಾಲಿಗೆ ಆ ಚಿತ್ರಗಳೇ ಶಾಸನ. ಸೂರ್ಯಚಂದ್ರರಿರುವ ತನಕ ದಾನ ನಡೆಯಬೇಕೆಂಬ ಮಾತನ್ನು ಕಲ್ಲಿನ ನೆತ್ತಿಯೇ ಸಾರುತ್ತಿತ್ತು.

ಅಂತರಜಾಲ ತಾಣಗಳ ವಿನ್ಯಾಸಕಾರರ ಚಿಂತೆಯೂ ಇಂದು ಈ ನೆತ್ತಿಯದೇ. ಒಂದು ಪುಟ ಚೆನ್ನಾಗಿದೆಯೋ ಇಲ್ಲವೋ ಎಂಬ ಅನಿಸಿಕೆ 50 ಮಿಲಿಸೆಕೆಂಡುಗಳಲ್ಲಿ, ಎಂದರೆ ಒಂದು ಸೆಕೆಂಡಿನ ಇಪ್ಪತ್ತನೆಯ ಒಂದು ಪಾಲಿನಲ್ಲಿ ಮೂಡಿಬಿಡುತ್ತದೆಂದು ಕೆನಡಾದ ಸಂಶೋಧಕರು 2006ರಲ್ಲಿ ತೋರಿಸಿದರು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2002ರಲ್ಲಿ 2,684 ಜನರನ್ನು, ಯಾವ ತಾಣವನ್ನು ಏಕೆ ನಂಬುತ್ತೀರಿ ಎಂದು ಕೇಳಿದ್ದರು. ಬಂದ ಅಭಿಪ್ರಾಯಗಳಲ್ಲಿ ನೂರಕ್ಕೆ 46ರಷ್ಟು ತಾಣದ ರೂಪಕ್ಕೆ ಸಂಬಂಧಿಸಿದ್ದವು.

ನಂಬಿಕೆ ಮುಖ ನೋಡಿ ಹುಟ್ಟುತ್ತದೆಂದರೆ ಮೋಸಗಾರನಿಗೂ ದಾರಿ ಸಿಕ್ಕಂತೆಯೇ. ತಾಮ್ರಶಾಸನಗಳ ಓಲೆಗಳನ್ನು ಪೋಣಿಸಿದ ಬಳೆಯ ಮೇಲೆ ರಾಜಮುದ್ರೆ ಇರುತ್ತಿತ್ತು. ಖೊಟ್ಟಿ ಶಾಸನ ಮಾಡಿದವರು ಆ ಮುದ್ರೆಯನ್ನೂ ಬಿಡಲಿಲ್ಲ. ಕನ್ನಡ ಶಾಸನಗಳ ಅಧ್ಯಯನದಲ್ಲಿ ದೊಡ್ಡ ಹೆಸರಾದ ಜೆ.ಎಫ್. ಫ್ಲೀಟ್ ಇಂಥ ಕೂಟ ಶಾಸನಗಳದೇ ಒಂದು ಪಟ್ಟಿಯನ್ನು 1901ರಲ್ಲಿ ಪ್ರಕಟಿಸಿದರು. ಅವರು ಮುದ್ರೆಗೆ ಮರುಳಾಗಲಿಲ್ಲ. ಅಕ್ಷರದ ತಿರುವು ಹೇಳಿದ ಕಾಲಕ್ಕೆ ಹೊಂದುತ್ತದೆಯೇ, ತಿಥಿವಾರಗಳು ಕೂಡುತ್ತವೆಯೇ ಎಂದು ನೋಡಿದರು.

ಕೊಂಕಲ್, ಶಹಾಪುರ, ಸುರಪುರದ ಕಡೆಯ ರೈತರಿಗೆ ಈ ಸಂಗತಿ ಬದುಕಿನ ಪ್ರಶ್ನೆಯೇ ಆಗಿತ್ತು. ಸುರಪುರ ಸಂಸ್ಥಾನ 1860ರಲ್ಲಿ ನಿಜಾಮರಿಗೆ ಸೇರಿತು. ಮುಂದೆ ಹೈದರಾಬಾದ್ ಸಂಸ್ಥಾನದ ಆಡಳಿತ ಭಾಷೆ ಉರ್ದುವಾಯಿತು. ಮನೆಯಲ್ಲಿ ಕನ್ನಡವಾಡುವ ಒಕ್ಕಲಿಗ ತನ್ನ ಹೊಲದ ಕಾಗದವನ್ನು ಓದಲಾರ. ಮುದ್ರೆ ನೋಡಿ ಕಣ್ಣಿಗೊತ್ತಿಕೊಳ್ಳಬೇಕು, ಇಲ್ಲವೇ ಪಟವಾರಿ ಹೇಳಿದ್ದನ್ನು ನಂಬಬೇಕು. 1956ರಲ್ಲಿ ಈ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಕಾಗದ ಕನ್ನಡವಾಯಿತಾದರೂ ಪಹಣಿಯ ಪುಸ್ತಕ ಗ್ರಾಮಲೆಕ್ಕಿಗರ ಬಳಿಯೇ ಉಳಿಯಿತು.

ರಾಜ್ಯದಲ್ಲಿ ಭೂದಾಖಲೆಗಳನ್ನು ಗಣಕಕ್ಕೆ ಏರಿಸುವ ಮೊದಲ ಪ್ರಯೋಗ 1991ರಲ್ಲಿ ನಡೆದದ್ದು ಗುಲ್ಬರ್ಗಾ ಜಿಲ್ಲೆಯಲ್ಲಿ. ಆಗ ಯಾದಗಿರಿ, ಶಹಾಪುರ, ಸುರಪುರಗಳೆಲ್ಲ ಅದೇ ಜಿಲ್ಲೆಗೆ ಸೇರಿದ್ದವು. ಆದರೆ ಪಹಣಿಯ ತಿದ್ದುಪಡಿ ನಡೆಯುವ ತಾಲ್ಲೂಕು ಕಚೇರಿಯಲ್ಲೇ ಗಣಕಯಂತ್ರ ಇಡುವ ಏರ್ಪಾಡು ಅದರಲ್ಲಿರಲಿಲ್ಲ. ಆ ಕೊರತೆ ನೀಗಿದ್ದು ಹತ್ತು ವರ್ಷಗಳ ಅನಂತರ, ‘ಭೂಮಿ’ ಯೋಜನೆಯಲ್ಲಿ. 177 ತಾಲ್ಲೂಕುಗಳು, ಸುಮಾರು 67 ಲಕ್ಷ ರೈತರು, 2 ಕೋಟಿ ದಾಖಲೆಗಳು. ಒಂದು ಪಹಣಿಗೆ 15 ರೂಪಾಯಿ. ಕೈಬರಹದ ಪಹಣಿಗೆ ಬೆಲೆ ಇಲ್ಲವಾಯಿತು.

‘ಭೂಮಿ’ಯ ಬಗ್ಗೆ ಬರೆದವರು ಸಾಮಾನ್ಯವಾಗಿ ಈ ಅಂಕಿಗಳನ್ನು ಹೇಳಿ ಮುಗಿಸುತ್ತಾರೆ. ನನಗೆ ಹಿಡಿಸಿದ್ದು ಒಂದು ಚಿಕ್ಕ ಏರ್ಪಾಡು: ಕೇಂದ್ರದಲ್ಲಿ ಗುಮಾಸ್ತರ ಪರದೆಯ ಜತೆಗೆ ಇನ್ನೊಂದು ಪರದೆಯನ್ನು ರೈತನ ಕಡೆಗೆ ತಿರುಗಿಸಿ ಇಟ್ಟಿದ್ದರು. ಒಳಗೆ ಕೂತವರು ಬೆರಳಚ್ಚಿಸುತ್ತಿದ್ದಂತೆ ಹೊರಗೆ ನಿಂತವನಿಗೂ ತನ್ನ ಸರ್ವೆ ನಂಬರು, ಎಕರೆ ಗುಂಟೆ, ತಂದೆಯ ಹೆಸರು ಕಾಣುತ್ತಿತ್ತು. ದಾಖಲೆ ತಿದ್ದುವ ಸಿಬ್ಬಂದಿ ತಮ್ಮ ಬೆರಳ ಗುರುತು ಕೊಟ್ಟೇ ಯಂತ್ರವನ್ನು ತೆರೆಯಬೇಕಿತ್ತು. ಇಷ್ಟು ದಿನ ರೈತನ ಹೆಬ್ಬೆಟ್ಟು ಒತ್ತಿಸಿಕೊಂಡ ಸರ್ಕಾರ ತನ್ನವರ ಹೆಬ್ಬೆಟ್ಟನ್ನೂ ಒತ್ತಿಸಿಕೊಂಡಿತೆನ್ನಿ!

ಓದಲು ಬಾರದವನಿಗೆ ಆ ಎರಡನೆಯ ಪರದೆಯೂ ಉರ್ದು ಕಾಗದದಂತೆಯೇ ಇದ್ದಿರಬೇಕು. ಇನ್ನೊಂದು ತೊಡಕೂ ಇದೆ. ಗಣಕಕ್ಕೆ ಏರಿದ್ದು ಹಳೆಯ ಪುಸ್ತಕದಲ್ಲಿ ಇದ್ದುದೇ. ಗೀಚು, ಒದ್ದೆ ಕಲೆಗಳ ಪುಟದಲ್ಲಿ ತಪ್ಪು ಕಂಡರೆ ಜನ ಅನುಮಾನಿಸುತ್ತಿದ್ದರು. ಅದೇ ತಪ್ಪು ಅಚ್ಚುಕಟ್ಟಾಗಿ ಮುದ್ರಣವಾಗಿ ಬಂದಾಗ ಸರಿಯೆಂದೇ ಕಾಣುತ್ತದೆ. ಹೆಸರಿನ ಒಂದಕ್ಷರ ತಪ್ಪಿದರೂ ಬ್ಯಾಂಕಿನ ಸಾಲಕ್ಕೆ, ಬೆಳೆ ಪರಿಹಾರಕ್ಕೆ ಅಲೆದಾಟ ತಪ್ಪದು.

ಈಗ ಪಹಣಿಯನ್ನು ಮೊಬೈಲಿನಲ್ಲೇ ನೋಡಬಹುದು. ಸರ್ಕಾರದ ತಾಣಗಳನ್ನೇ ಹೋಲುವ ಖೊಟ್ಟಿ ತಾಣಗಳೂ ಇವೆ. ಲಾಂಛನ, ಬಣ್ಣ, ಅಕ್ಷರ ಎಲ್ಲವನ್ನೂ ನಕಲು ಮಾಡಬಹುದು. ನಕಲು ಮಾಡಲು ಕಷ್ಟವಾದುದು ಮೇಲೆ ಸಣ್ಣ ಅಕ್ಷರದಲ್ಲಿರುವ ವಿಳಾಸ. ಅದರ ಹೆಸರಿನ ಭಾಗ ‘ಗವ್ ಡಾಟ್ ಇನ್’ ಎಂದು ಮುಗಿಯುತ್ತದೆಯೇ ಎಂದು ನೋಡಬೇಕು. ಫ್ಲೀಟರು ಮುದ್ರೆಯನ್ನು ಪಕ್ಕಕ್ಕಿಟ್ಟು ತಿಥಿ ಲೆಕ್ಕ ಹಾಕುತ್ತಿದ್ದುದೂ ಇಂಥ ಕೆಲಸವೇ.