ಅನಧಿಕೃತ ಅನಿಮೆ ಮಿನಿಫಿಗರ್‌ಗಳು

ಅನಧಿಕೃತ ಅನಿಮೆ ಮಿನಿಫಿಗರ್‌ಗಳು ಎಂದರೆ ಜಪಾನಿನ ಅನಿಮೆ ಮತ್ತು ಮಾಂಗಾ ಪಾತ್ರಗಳ ರೂಪದಲ್ಲಿ, ಹಕ್ಕುದಾರರ ಪರವಾನಗಿಯಿಲ್ಲದೆ ತಯಾರಾಗುವ ಪುಟ್ಟ ಪ್ಲಾಸ್ಟಿಕ್ ಬೊಂಬೆಗಳು. ಸುಮಾರು 4 ಸೆಂ.ಮೀ. ಎತ್ತರದ ಇವು ಲೆಗೊ ಇಟ್ಟಿಗೆಗಳೊಂದಿಗೆ ಹೊಂದಿಕೊಳ್ಳುತ್ತವೆ. ಬಹುಪಾಲು ಚೀನಾದಲ್ಲಿ ತಯಾರಾಗಿ ಆನ್‌ಲೈನ್ ಮಾರುಕಟ್ಟೆಗಳ ಮೂಲಕ ಮಾರಾಟವಾಗುತ್ತವೆ. ತಯಾರಕರು ಸಾಮಾನ್ಯವಾಗಿ ತಮ್ಮ ಬೊಂಬೆಗಳ ಪಟ್ಟಿಯನ್ನು ಪ್ರಕಟಿಸುವುದಿಲ್ಲ. ಆದ್ದರಿಂದ ಇವುಗಳ ಗುರುತಿಸುವಿಕೆಯು ಪೊಟ್ಟಣದ ಮೇಲಿನ ಸಂಕೇತ, ಅಚ್ಚಿನ ಗುರುತು ಮತ್ತು ಮುದ್ರಣದ ಲಕ್ಷಣಗಳನ್ನು ಅವಲಂಬಿಸಿದೆ.

ಹಿನ್ನೆಲೆ

ಡೆನ್ಮಾರ್ಕಿನ ಲೆಗೊ ಸಂಸ್ಥೆಯು ತನ್ನ ಇಟ್ಟಿಗೆಗೆ 1958ರಲ್ಲಿ ಪೇಟೆಂಟ್ ಅರ್ಜಿ ಸಲ್ಲಿಸಿತು. ಕೈಕಾಲು ಆಡಿಸಬಹುದಾದ ಮಿನಿಫಿಗರ್ 1978ರಲ್ಲಿ ಮಾರುಕಟ್ಟೆಗೆ ಬಂದಿತು. ಇದರ ವಿನ್ಯಾಸಕರು ಯೆನ್ಸ್ ನ್ಯುಗಾರ್ಡ್ ಕ್ನುಡ್ಸನ್. ಪೇಟೆಂಟ್‌ಗಳ ಅವಧಿ ಮುಗಿದ ಬಳಿಕ ಅನೇಕ ಕಂಪನಿಗಳು ಲೆಗೊಗೆ ಹೊಂದುವ ಇಟ್ಟಿಗೆಗಳನ್ನು ತಯಾರಿಸತೊಡಗಿದವು.

ಡ್ರ್ಯಾಗನ್ ಬಾಲ್ (1984), ಒನ್ ಪೀಸ್ (1997), ನರುಟೊ (1999), ಡೀಮನ್ ಸ್ಲೇಯರ್ (2016) ಮುಂತಾದ ಮಾಂಗಾಗಳು ಮತ್ತು ಅವುಗಳ ಅನಿಮೆ ರೂಪಗಳು ಜಗತ್ತಿನಾದ್ಯಂತ ಜನಪ್ರಿಯವಾದರೂ ಅವುಗಳ ಪಾತ್ರಗಳು ದೀರ್ಘಕಾಲ ಲೆಗೊ ರೂಪದಲ್ಲಿ ದೊರೆಯಲಿಲ್ಲ. ಈ ಕೊರತೆಯನ್ನು ಅನಧಿಕೃತ ತಯಾರಕರು ತುಂಬಿದರು. ಲೆಗೊ ಸಂಸ್ಥೆಯು ಒನ್ ಪೀಸ್ ಸರಣಿಯನ್ನು ಹೊರತಂದದ್ದು 2025ರಲ್ಲಿ. ಅದೂ ಅನಿಮೆಯನ್ನಲ್ಲದೆ, ನಟರು ಅಭಿನಯಿಸಿದ ನೆಟ್‌ಫ್ಲಿಕ್ಸ್ ಧಾರಾವಾಹಿಯನ್ನು ಆಧರಿಸಿದೆ. ಹೀಗಾಗಿ ಅದಕ್ಕೂ ಹಿಂದಿನ ಕಾಲದ್ದೆಂದು ಹೇಳಿ ಮಾರಲಾಗುವ 'ಲೆಗೊ ಒನ್ ಪೀಸ್' ಬೊಂಬೆಯು ಅಸಲಿಯಾಗಿರಲು ಸಾಧ್ಯವಿಲ್ಲ.

ಕಾನೂನಿನ ಸ್ಥಿತಿ

ಲೆಗೊಗೆ ಹೊಂದುವ ಆಟಿಕೆಗಳೆಲ್ಲವೂ ನಕಲಿಯಲ್ಲ. ಇವುಗಳಲ್ಲಿ ಮೂರು ಬಗೆಗಳನ್ನು ಗುರುತಿಸಬಹುದು:

• ಹೊಂದಿಕೆಯ ಆಟಿಕೆ: ಇಟ್ಟಿಗೆಯ ಜೋಡಣೆಯ ತತ್ತ್ವವನ್ನು ಮಾತ್ರ ಬಳಸಿ, ಸ್ವಂತ ಹೆಸರು ಹಾಗೂ ಅಗತ್ಯ ಪರವಾನಗಿಯೊಂದಿಗೆ ಮಾರಾಟವಾಗುವುದು. ಪರವಾನಗಿ ಪಡೆದು ಪೊಕೆಮಾನ್ ಆಟಿಕೆಗಳನ್ನು ತಯಾರಿಸಿದ ಮೆಗಾ ಇದಕ್ಕೆ ಉದಾಹರಣೆ.
• ಪರವಾನಗಿರಹಿತ ಆಟಿಕೆ: ತನ್ನದೇ ಗುರುತಿನಡಿ ಮಾರಾಟವಾದರೂ ಪಾತ್ರದ ಹಕ್ಕನ್ನು ಪಡೆಯದಿರುವುದು. ಬಹುಪಾಲು ಅನಧಿಕೃತ ಅನಿಮೆ ಮಿನಿಫಿಗರ್‌ಗಳು ಈ ಬಗೆಗೆ ಸೇರುತ್ತವೆ.
• ಖೋಟಾ ಆಟಿಕೆ: ಲೆಗೊ ಹೆಸರು ಅಥವಾ ಲಾಂಛನವನ್ನೇ ಬಳಸಿ ಅಸಲಿಯೆಂದು ನಂಬಿಸುವುದು.

ಇಟ್ಟಿಗೆಯ ಆಕಾರಕ್ಕೆ ವ್ಯಾಪಾರಮುದ್ರೆಯ ರಕ್ಷಣೆ ಸಲ್ಲದೆಂದು ಐರೋಪ್ಯ ಒಕ್ಕೂಟದ ನ್ಯಾಯಾಲಯವು 2010ರಲ್ಲಿ ತೀರ್ಪಿತ್ತಿತು. ಆದರೆ ಮಿನಿಫಿಗರ್‌ನ ಆಕಾರದ ವ್ಯಾಪಾರಮುದ್ರೆಯನ್ನು ಒಕ್ಕೂಟದ ಜನರಲ್ ಕೋರ್ಟ್ 2015ರಲ್ಲಿ ಎತ್ತಿಹಿಡಿಯಿತು. ಪಾತ್ರದ ಮೇಲಿನ ಕೃತಿಸ್ವಾಮ್ಯವು ಇವೆರಡಕ್ಕಿಂತ ಭಿನ್ನವಾದುದು. ಅದು ಲೇಖಕ, ಪ್ರಕಾಶಕ ಮುಂತಾದ ಹಕ್ಕುದಾರರಿಗೆ ಸೇರಿರುತ್ತದೆ. ಆದ್ದರಿಂದ ಒಂದೇ ಬೊಂಬೆಯು ಎರಡು ಬಗೆಯ ಹಕ್ಕುಗಳನ್ನು ಉಲ್ಲಂಘಿಸಬಹುದು. ಚೀನಾದಲ್ಲಿ ಲೆಗೊ ಪೆಟ್ಟಿಗೆಗಳನ್ನು ನಕಲು ಮಾಡುತ್ತಿದ್ದ ಲೆಪಿನ್ ಜಾಲದ ಮೇಲೆ 2019ರಲ್ಲಿ ಪೊಲೀಸ್ ದಾಳಿ ನಡೆಯಿತು. ಅದರ ಪ್ರಮುಖನಿಗೆ ಶಾಂಘೈ ನ್ಯಾಯಾಲಯವು 2020ರಲ್ಲಿ 6 ವರ್ಷಗಳ ಸೆರೆವಾಸ ವಿಧಿಸಿತು.

ಗುರುತಿಸುವ ವಿಧಾನ

ಅಚ್ಚಿನ ಗುರುತು: ಅಸಲಿ ಲೆಗೊ ಮಿನಿಫಿಗರ್‌ನ ತಲೆಯ ಮೇಲಿನ ಉಬ್ಬಿನಲ್ಲಿ ಹಾಗೂ ಕುತ್ತಿಗೆಯಲ್ಲಿ ಲೆಗೊ ಹೆಸರು ಅಚ್ಚಾಗಿರುತ್ತದೆ. ಅನಧಿಕೃತ ಬೊಂಬೆಗಳಲ್ಲಿ ಸಾಮಾನ್ಯವಾಗಿ ಈ ಜಾಗ ಖಾಲಿಯಿರುತ್ತದೆ. ಕೂದಲನ್ನು ತೆಗೆದು ನೋಡುವುದು ಅತ್ಯಂತ ಸರಳ ಪರೀಕ್ಷೆ.

ಪೊಟ್ಟಣದ ಸಂಕೇತ: ತಯಾರಕರ ಹೆಸರನ್ನು ಸೂಚಿಸುವ ಅಕ್ಷರಗಳು ಮತ್ತು ಒಂದು ಸಂಖ್ಯೆ ಇರುತ್ತವೆ. ಪಿಜಿ ಎಂದರೆ ಪೋಗೊ, ಕೆಟಿ ಎಂದರೆ ಕೊರುಯಿಟ್, ಎಕ್ಸ್‌ಎಚ್ ಎಂದರೆ ಕ್ಸಿನ್. ಒಂದು ಸರಣಿಯ ಬೊಂಬೆಗಳಿಗೆ ಅನುಕ್ರಮ ಸಂಖ್ಯೆಗಳಿರುವುದು ವಾಡಿಕೆ. ಸರಣಿಯಲ್ಲಿ 8 ಬೊಂಬೆಗಳಿರುವುದು ಸಾಮಾನ್ಯ.

ಹಕ್ಕುಸ್ವಾಮ್ಯದ ಸಾಲು: ಪರವಾನಗಿ ಪಡೆದ ಉತ್ಪನ್ನದ ಹೊದಿಕೆಯ ಮೇಲೆ ಲೇಖಕ, ಪ್ರಕಾಶಕ ಅಥವಾ ಅನಿಮೆ ಸಂಸ್ಥೆಯ ಹೆಸರುಳ್ಳ ಹಕ್ಕುಸ್ವಾಮ್ಯದ ಸಾಲು ಇರುತ್ತದೆ. ಅನಧಿಕೃತ ಪೊಟ್ಟಣದಲ್ಲಿ ಸಾಮಾನ್ಯವಾಗಿ ಇದು ಇರುವುದಿಲ್ಲ. ಹಲವು ವೇಳೆ ಕೃತಿಯ ಹೆಸರೇ ಕಾಣುವುದಿಲ್ಲ.

ಮುದ್ರಣ ಮತ್ತು ಪ್ಲಾಸ್ಟಿಕ್: ಸಡಿಲವಾದ ಕೀಲುಗಳು, ಎದ್ದುಕಾಣುವ ಅಚ್ಚಿನ ಅಂಚು, ಮುಖ ಮತ್ತು ಕುತ್ತಿಗೆಯ ಬಣ್ಣಗಳಲ್ಲಿ ವ್ಯತ್ಯಾಸ ಇವು ಸಾಮಾನ್ಯ ಲಕ್ಷಣಗಳು. ಆದರೆ ಕೆಲವು ಅನಧಿಕೃತ ಬೊಂಬೆಗಳ ಮುದ್ರಣವು ಉತ್ತಮವಾಗಿರುವುದರಿಂದ ಗುಣಮಟ್ಟವೊಂದೇ ನಿರ್ಣಾಯಕವಲ್ಲ.

ಸಂಗ್ರಹಣೆ

ಸಂಗ್ರಾಹಕರು ಬೊಂಬೆಗಳನ್ನು ಕೃತಿ, ತಯಾರಕ ಹಾಗೂ ಸಂಕೇತದ ಪ್ರಕಾರ ವಿಂಗಡಿಸುತ್ತಾರೆ. ಒಂದೇ ಪಾತ್ರವನ್ನು ಹಲವು ತಯಾರಕರು ಹೊರತರುವುದರಿಂದ, ಪೊಟ್ಟಣದಿಂದ ಬೇರ್ಪಟ್ಟ ಬೊಂಬೆಯ ಮೂಲವನ್ನು ಹೇಳುವುದು ಬಹುತೇಕ ಅಸಾಧ್ಯ. ಆದ್ದರಿಂದ ಖಾಲಿ ಪೊಟ್ಟಣವನ್ನು ಅಥವಾ ಅದರ ಛಾಯಾಚಿತ್ರವನ್ನು ಉಳಿಸಿಕೊಳ್ಳಲಾಗುತ್ತದೆ. ಅಸಲಿ ಭಾಗಗಳೊಂದಿಗೆ ಬೆರೆಯದಂತೆ ಇವುಗಳನ್ನು ಪ್ರತ್ಯೇಕವಾಗಿ ಇಡುವುದು ರೂಢಿ. ಬೆರೆತ ಸಂಗ್ರಹವು ಕೈಬದಲಾದಾಗ ಮುಂದಿನ ಖರೀದಿದಾರನು ಅರಿಯದೆಯೇ ಮೋಸಹೋಗಬಹುದು.

ಸುರಕ್ಷತೆ

ಕೂದಲು, ಕತ್ತಿ, ಕೈಗಳಂತಹ ಬಿಡಿಭಾಗಗಳು ಗಂಟಲಲ್ಲಿ ಸಿಲುಕಬಹುದಾದಷ್ಟು ಚಿಕ್ಕವು. ಆದ್ದರಿಂದ ಇವು 3 ವರ್ಷಕ್ಕಿಂತ ಕಿರಿಯ ಮಕ್ಕಳಿಗೆ ಯೋಗ್ಯವಲ್ಲ. ಭಾರತದಲ್ಲಿ ಆಟಿಕೆಗಳ (ಗುಣಮಟ್ಟ ನಿಯಂತ್ರಣ) ಆದೇಶ, 2020ರ ಪ್ರಕಾರ, 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಭಾರತೀಯ ಮಾನಕ ಬ್ಯೂರೋದ ಐಎಸ್‌ಐ ಗುರುತು ಕಡ್ಡಾಯ. ಈ ಆದೇಶವು 2021ರ ಜನವರಿ 1ರಿಂದ ಜಾರಿಯಲ್ಲಿದೆ. ಗುರುತಿಲ್ಲದ ಪೊಟ್ಟಣದಲ್ಲಿನ ಬೊಂಬೆಯ ಪ್ಲಾಸ್ಟಿಕ್ ಮತ್ತು ಬಣ್ಣಗಳು ಪರೀಕ್ಷೆಗೊಳಗಾಗಿವೆ ಎಂಬ ಖಾತರಿಯಿರುವುದಿಲ್ಲ.

ಇವನ್ನೂ ನೋಡಿ

• ಲೆಗೊ
• ಅನಿಮೆ
• ವ್ಯಾಪಾರಮುದ್ರೆ
• ಕೃತಿಸ್ವಾಮ್ಯ